ಹೊರಗಿನ ಚೀಟಿ

(ಚಡಚಣದಲ್ಲಿ ಹಾಸ್ಟೆಲ್ ವಿದ್ಯಾರ್ಥಿ-ಯುವಜನರ ಸಭೆಯಲ್ಲಿ ಆಡಿದ ಮಾತು. ಆಡಿದ ಹಾಗೆಯೇ ಬರೆದುಕೊಂಡಿದ್ದೇವೆ.)



ನಾನು ಡಾಕ್ಟರ್ ಅಲ್ಲ, ವಕೀಲನೂ ಅಲ್ಲ. ನಿಮ್ಮ ಹಾಗೇ ಹಾಸ್ಟೆಲ್ಲಿನ ತಟ್ಟೆಯಲ್ಲಿ ಉಂಡು, ಟ್ರಂಕಿನ ಮೇಲೆ ಪುಸ್ತಕ ಇಟ್ಟು ಓದಿದವನು. ಆದ್ದರಿಂದ ದೊಡ್ಡ ಮಾತು ಆಡುವುದಿಲ್ಲ. ಒಂದು ಸಣ್ಣ ಕಾಗದದ ಬಗ್ಗೆ ಮಾತಾಡುತ್ತೇನೆ. ಅಂಗೈ ಅಗಲದ ಕಾಗದ. ಸರ್ಕಾರಿ ದವಾಖಾನೆಯಲ್ಲಿ ಬರೆದು ನಮ್ಮ ಕೈಗೆ ಕೊಡುವ ಚೀಟಿ. "ಇದು ನಮ್ಮಲ್ಲಿ ಇಲ್ಲ, ಹೊರಗಿನ ಮೆಡಿಕಲ್‌ನ್ಯಾಗ ತಗೊಂಡ ಬರ್ರಿ" ಅಂತ ಹೇಳಿ ಕೊಡುವ ಚೀಟಿ.

ಈ ಚೀಟಿ ಯಾರ ಮನೆಗೆ ಬಂದಿಲ್ಲವೋ ಅವರು ಕೈ ಎತ್ತಿರಿ ನೋಡೋಣ.

ಒಬ್ಬರೂ ಎತ್ತಲಿಲ್ಲ. ನೋಡಿದಿರಾ? ಜಾತಿ ಸರ್ಟಿಫಿಕೇಟು ನಮ್ಮೆಲ್ಲರ ಮನೆಗೆ ಬಂದಿಲ್ಲ, ಪಟ್ಟಾ ಬಂದಿಲ್ಲ, ಮನೆ ಮಂಜೂರಾತಿ ಬಂದಿಲ್ಲ. ಆದರೆ ಈ ಚೀಟಿ ಮಾತ್ರ ಎಲ್ಲರ ಮನೆಗೂ ಬಂದಿದೆ.

ನಮ್ಮ ಮನೆಗೆ ಬಂದದ್ದು 2013ರಲ್ಲಿ. ನಾನಾಗ ಪಿಯುಸಿ ಮೊದಲನೇ ವರ್ಷ. ನಮ್ಮ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಒಂದು ರಾತ್ರಿ ಬ್ಯಾನಿ ಸುರುವಾತು. ಊರಿನ ಟಂಟಂ ಬಾಡಿಗೆ ಹಿಡಿದು ಸರ್ಕಾರಿ ದವಾಖಾನೆಗೆ ಕರಕೊಂಡು ಹೋದೆವು. ಯಾವ ದವಾಖಾನೆ ಅಂತ ಹೇಳುವುದಿಲ್ಲ. ಒಂದರ ಹೆಸರು ಹೇಳಿದರೆ ಉಳಿದವೆಲ್ಲ ಒಳ್ಳೆಯವು ಅಂದ ಹಾಗೆ ಆಗುತ್ತದೆ.

ಒಳಗೆ ಹೋಗಿ ಕಾಲು ಗಂಟೆಗೆ ಮೊದಲನೇ ಚೀಟಿ ಬಂತು. ಕೈಗವಸು, ಹತ್ತಿ, ಒಂದು ಸೂಜಿ. ನಾನು ಓಡಿ ಹೋಗಿ ತಂದೆ. ಎರಡನೇ ಚೀಟಿ ಬಂತು. ಸಲಾಯಿನ್ ಬಾಟ್ಲಿ, ಮತ್ತೆ ಸೂಜಿ. ಓಡಿದೆ. ಬೆಳಗಿನ ಜಾವ "ಕೂಸು ಅಡ್ಡ ಐತಿ, ಆಪರೇಶನ್ ಮಾಡಬೇಕು" ಅಂದರು. ಮೂರನೇ ಚೀಟಿ ಬಂತು, ಹೊಲಿಯುವ ದಾರದಿಂದ ಹಿಡಿದು. ನಾಲ್ಕನೆಯದು ರಕ್ತ. "ಎರಡು ಬಾಟ್ಲಿ ಬೇಕು, ಲಗೂನ ನೋಡ್ರಿ" ಅಂದರು. ಎದುರಿನ ಮೆಡಿಕಲ್ ಅಂಗಡಿಯವನಿಗೆ ಅಷ್ಟೊತ್ತಿಗೆ ನನ್ನ ಮುಖ ಪರಿಚಯ ಆಗಿತ್ತು.

ನಮ್ಮವ್ವ ಕಿವಿಯ ಬೆಂಡೋಲಿ ಬಿಚ್ಚಿ ಕೊಟ್ಟಳು. ಅದು ಸಾಲಲಿಲ್ಲ. ಅಪ್ಪ ಊರಿಗೆ ಹೋಗಿ ಸಾಹುಕಾರನ ಕಟ್ಟೆಯ ಕೆಳಗೆ ನಿಂತು ಹನ್ನೆರಡು ಸಾವಿರ ಸಾಲ ತಂದ. ನೂರಕ್ಕೆ ಐದು ಬಡ್ಡಿ. ಅಂದರೆ ತಿಂಗಳಿಗೆ 600 ರೂಪಾಯಿ ಬಡ್ಡಿಯೇ ಆಯಿತು. ಅಕ್ಕ ಉಳಿದಳು. ಕೂಸೂ ಉಳಿಯಿತು. ಓಣಿಯವರೆಲ್ಲ "ದೇವರು ದೊಡ್ಡಾಂವ, ಡಾಕ್ಟರು ಪುಣ್ಯಾತ್ಮರು" ಅಂದರು. ನಾವೂ ಕೈ ಮುಗಿದೆವು. ಜೀವ ಉಳಿದಾಗ ರೊಕ್ಕದ ಲೆಕ್ಕ ಕೇಳುವುದು ಪಾಪ ಅಂತ ನಮಗೆ ಕಲಿಸಿದ್ದಾರೆ.

ಆ ವರ್ಷ ಅಪ್ಪ, ಅವ್ವ ಮುಕಾದಮನ ಹತ್ತಿರ ಮುಂಗಡ ಹಿಡಿದು ಭೀಮೆ ದಾಟಿ ಕಬ್ಬು ಕಡಿಯಲು ಹೋದರು. ಮನೆಯಲ್ಲಿ ಬಾಣಂತಿ, ಎರಡು ಆಡು, ಸಣ್ಣ ತಮ್ಮ. ನೋಡಿಕೊಳ್ಳಲು ಯಾರಾದರೂ ಬೇಕಲ್ಲ? ನಾನು ಕಾಲೇಜು ಬಿಟ್ಟೆ. ಒಂದು ವರ್ಷ ಹೋಯಿತು. ನನ್ನ ಜೊತೆ ಹಾಸ್ಟೆಲ್ಲಿನಲ್ಲಿದ್ದ ಇನ್ನಿಬ್ಬರು ಇಂಥದೇ ಕಾರಣಕ್ಕೆ ಬಿಟ್ಟವರು ತಿರುಗಿ ಬರಲೇ ಇಲ್ಲ. ನಾನು ಬಂದೆ. ಅದು ನನ್ನ ಶಾಣ್ಯಾತನ ಅಲ್ಲ. ಆ ಸಲ ಅಪ್ಪನ ಬೆನ್ನು ಗಟ್ಟಿ ಇತ್ತು, ಅಷ್ಟೇ.

ಈಗ ಕೇಳಿರಿ. ಮೂರು ವರ್ಷದ ಮೇಲೆ ನಮ್ಮೂರಿನ ಆಶಾ ಅಕ್ಕನ ಮನೆಯಲ್ಲಿ ಗೋಡೆಗೆ ಅಂಟಿಸಿದ್ದ ಒಂದು ಕಾಗದ ನೋಡಿದೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ. 2011ರ ಜೂನ್ 1ರಿಂದ ಇಡೀ ದೇಶದಲ್ಲಿ ಜಾರಿ. ಸರ್ಕಾರಿ ದವಾಖಾನೆಯಲ್ಲಿ ಹೆರಿಗೆ ಪುಕ್ಕಟೆ, ಸಿಸೇರಿಯನ್ ಪುಕ್ಕಟೆ. ಔಷಧ, ಸೂಜಿ, ಕೈಗವಸು, ಹತ್ತಿ, ದಾರ ಎಲ್ಲವೂ ಪುಕ್ಕಟೆ. ರಕ್ತ, ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಪುಕ್ಕಟೆ. ಸಹಜ ಹೆರಿಗೆಗೆ ಮೂರು ದಿನ, ಆಪರೇಶನ್ ಆದರೆ ಏಳು ದಿನ ಊಟ ಪುಕ್ಕಟೆ. ಮನೆಯಿಂದ ದವಾಖಾನೆಗೆ, ಅಲ್ಲಿಂದ ದೊಡ್ಡ ದವಾಖಾನೆಗೆ, ವಾಪಸ್ಸು ಮನೆಗೆ ಗಾಡಿ ಪುಕ್ಕಟೆ. ಹುಟ್ಟಿದ ಕೂಸಿಗೆ ಜಡ್ಡಾದರೂ ಅದೇ ನಿಯಮ.

ನಾನು ಆ ಕಾಗದದ ಮುಂದೆ ನಿಂತು ನಮ್ಮ ನಾಲ್ಕು ಚೀಟಿ ನೆನಪು ಮಾಡಿಕೊಂಡೆ. ಒಂದೊಂದಾಗಿ ತಾಳೆ ನೋಡಿದೆ. ನಾವು ಕೊಟ್ಟ ಒಂದು ರೂಪಾಯಿಯೂ ಕೊಡಬೇಕಾದ ರೂಪಾಯಿ ಆಗಿರಲಿಲ್ಲ. ಟಂಟಂ ಬಾಡಿಗೆ ಸಹಿತ. ಕಾನೂನು ನಮ್ಮ ಪರವಾಗಿ ಎರಡು ವರ್ಷದ ಹಿಂದೆಯೇ ಬಂದು ಗೋಡೆಯ ಮೇಲೆ ಕುಂತಿತ್ತು. ನಾವು ಮಾತ್ರ ಸಾಹುಕಾರನ ಕಟ್ಟೆಯ ಕೆಳಗೆ ನಿಂತಿದ್ದೆವು.

ಬಂಧುಗಳೇ, ಬಾಬಾಸಾಹೇಬರು ಎತ್ತಿ ತೋರಿಸಿದ ಒಂದು ಪ್ರಸಂಗ ನೆನಪಿಸುತ್ತೇನೆ. 1929. ಕಾಠಿಯಾವಾಡ, ಈಗಿನ ಗುಜರಾತಿನ ಭಾಗ. ಅಲ್ಲೊಬ್ಬ ಅಸ್ಪೃಶ್ಯ ಜಾತಿಯ ಶಾಲಾ ಮಾಸ್ತರ. ಅವನ ಹೆಂಡತಿ ಹೆತ್ತ ಎರಡು ದಿನಕ್ಕೆ ಜಡ್ಡು ಬಿದ್ದಳು. ಡಾಕ್ಟರು ಕೇರಿಗೆ ಬರುವುದಿಲ್ಲ, ಮುಟ್ಟಿ ನೋಡುವುದಿಲ್ಲ ಅಂದ. ಮಾಸ್ತರ ಊರ ಹಿರಿಯರ ಕಾಲು ಹಿಡಿದು, ಎರಡು ರೂಪಾಯಿ ಫೀ ಒಪ್ಪಿಸಿ ಕರೆತಂದ. ಹಸಿ ಬಾಣಂತಿಯನ್ನು ಕೇರಿಯ ಹೊರಗೆ ತಂದು ತೋರಿಸಬೇಕಾಯಿತು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ. ಅವನು ಮಾಸ್ತರನ ಕೈಗೆ ಕೊಟ್ಟ. ಮಾಸ್ತರ ಹೆಂಡತಿಗೆ ಇಟ್ಟ. ಅದೇ ದಾರಿಯಲ್ಲಿ ಅದು ವಾಪಸ್ಸು ಹೋಯಿತು. ನ್ಯುಮೋನಿಯಾ ಅಂದ ಡಾಕ್ಟರು ಮತ್ತೆ ಬಂದು ನೋಡಲಿಲ್ಲ. ಆಕೆ ಸತ್ತಳು. ಆ ಮಾಸ್ತರ ಬರೆದ ಪತ್ರ 1929ರ ಡಿಸೆಂಬರ್ 12ರ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾಯಿತು. ಬಾಬಾಸಾಹೇಬರು ತಮ್ಮ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅದನ್ನು ಸೇರಿಸಿದರು.

ಅದಕ್ಕೂ ಒಂದು ವರ್ಷ ಮೊದಲು, 1928ರಲ್ಲಿ, ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಬಾಬಾಸಾಹೇಬರು ಅದರ ಪರವಾಗಿ ನಿಂತು ಮಾತಾಡಿದ್ದರು. ದುಡಿಯುವ ಹೆಂಗಸಿನ ಬಾಣಂತನ ಅವಳೊಬ್ಬಳ ಮನೆಯ ಸಂಗತಿ ಅಲ್ಲ, ದೇಶದ ಸಂಗತಿ ಎಂಬುದು ಅವರ ನಿಲುವಾಗಿತ್ತು.

ಇವತ್ತು ನಮ್ಮನ್ನು ದವಾಖಾನೆಯ ಬಾಗಿಲಲ್ಲಿ ಜಾತಿ ಕೇಳಿ ತಡೆಯುವಂತಿಲ್ಲ. 1955ರ ಕಾಯ್ದೆಯಲ್ಲೇ, ಅಸ್ಪೃಶ್ಯತೆಯ ಕಾರಣಕ್ಕೆ ದವಾಖಾನೆಗೆ ಸೇರಿಸಿಕೊಳ್ಳದಿದ್ದರೆ ಅಪರಾಧ ಅಂತ ಇದೆ. 2016ರ ಜನವರಿಯಿಂದ ಜಾರಿಗೆ ಬಂದ ದೌರ್ಜನ್ಯ ತಡೆ ಕಾಯ್ದೆಯ ತಿದ್ದುಪಡಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಹೆಸರು ಹಿಡಿದೇ ಬರೆದಿದ್ದಾರೆ. ಯಾರಾದರೂ ತಡೆದರೆ ಕೇಸು ಹಾಕಬಹುದು. ಆದರೆ ಈಗ ತಡೆಯುವ ಕೈ ಕಾಣುವುದಿಲ್ಲ. ಅಂದು ಥರ್ಮಾಮೀಟರು ಕೈಯಿಂದ ಕೈಗೆ ದಾಟಿ ಬಂತು. ಇಂದು ಚೀಟಿ ಕೈಯಿಂದ ಕೈಗೆ ದಾಟುತ್ತದೆ. ರೊಕ್ಕ ಇದ್ದವನು ಚೀಟಿ ಹಿಡಿದು ಹೊರಗೆ ಹೋಗಿ ಔಷಧ ತರುತ್ತಾನೆ. ಇಲ್ಲದವನು ಚೀಟಿ ಹಿಡಿದು ಮನೆಗೆ ಹೋಗುತ್ತಾನೆ. ಚೀಟಿಯ ಮೇಲೆ ಜಾತಿ ಬರೆದಿರುವುದಿಲ್ಲ. ಆದರೆ ಮನೆಗೆ ಹೋಗುವವರು ಯಾವ ಓಣಿಯವರು ಅಂತ ನಿಮಗೆ ಗೊತ್ತು.

ಇನ್ನು ಹಕ್ಕಿನ ಮಾತು. ಔಷಧ ಕೊಡುವುದು ಸರ್ಕಾರದ ಔದಾರ್ಯ ಅಂತ ತಿಳಿದವರು ನಮ್ಮಲ್ಲಿ ಬಹಳ ಮಂದಿ. ಸಂವಿಧಾನದ 47ನೇ ಕಲಮು ಜನರ ಆರೋಗ್ಯ ಸುಧಾರಿಸುವುದು ಸರ್ಕಾರದ ಕರ್ತವ್ಯ ಅನ್ನುತ್ತದೆ. 21ನೇ ಕಲಮು ಜೀವಿಸುವ ಹಕ್ಕು. ಈ ಎರಡೂ ಕೂಡಿದರೆ ಏನಾಗುತ್ತದೆ ಅನ್ನುವುದಕ್ಕೆ ಒಬ್ಬ ಕೂಲಿಕಾರನ ಕತೆ ಕೇಳಿರಿ. ಪಶ್ಚಿಮ ಬಂಗಾಳದ ಹಕೀಂ ಶೇಖ್. ಖೇತ್ ಮಜ್ದೂರ್ ಸಮಿತಿಯ ಸದಸ್ಯ. 1992ರ ಜುಲೈಯಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಕಲ್ಕತ್ತೆಯ ಒಂದು ಸರ್ಕಾರಿ ದವಾಖಾನೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಅಲೆದಾಡಿಸಿದರು. ಎಲ್ಲಿ ಹೋದರೂ ಒಂದೇ ಮಾತು: ಹಾಸಿಗೆ ಖಾಲಿ ಇಲ್ಲ, ಸೌಲಭ್ಯ ಇಲ್ಲ. ಕೊನೆಗೆ ಖಾಸಗಿ ದವಾಖಾನೆಯಲ್ಲಿ ರೊಕ್ಕ ಕೊಟ್ಟು ಜೀವ ಉಳಿಸಿಕೊಂಡ. ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಮೇ ತಿಂಗಳಲ್ಲಿ ತೀರ್ಪು ಬಂತು. ಸರ್ಕಾರಿ ದವಾಖಾನೆಯಲ್ಲಿ ತುರ್ತು ಚಿಕಿತ್ಸೆ ಸಿಗದಿದ್ದರೆ ಅದು ಜೀವಿಸುವ ಹಕ್ಕಿನ ಉಲ್ಲಂಘನೆ. ರೊಕ್ಕ ಇಲ್ಲ ಅನ್ನುವ ನೆಪ ಹೇಳಿ ಸರ್ಕಾರ ತಪ್ಪಿಸಿಕೊಳ್ಳುವಂತಿಲ್ಲ. ಆ ಕೂಲಿಕಾರನಿಗೆ 25,000 ರೂಪಾಯಿ ಪರಿಹಾರ ಕೊಡಿಸಿದರು.

ರೊಕ್ಕ ದೊಡ್ಡದಲ್ಲ. ಒಬ್ಬ ಹೊಲದ ಕೂಲಿಕಾರ ಒಬ್ಬಂಟಿಯಾಗಿ ಹೋಗಿದ್ದರೆ ಬಾಗಿಲಿನ ಜವಾನನೂ ಮಾತಾಡಿಸುತ್ತಿರಲಿಲ್ಲ. ಸಂಘಟನೆ ಹಿಡಿದು ಹೋದದ್ದಕ್ಕೆ ದೇಶಕ್ಕೆಲ್ಲ ಕಾನೂನು ಆಯಿತು. ಇದು ದೊಡ್ಡದು.

ಹೆರಿಗೆಯದು ಹೇಳಿದೆ. ಉಳಿದವನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ. ಕ್ಷಯದ ಪರೀಕ್ಷೆ ಮತ್ತು ಗುಳಿಗೆ ಪೂರ್ತಿ ಪುಕ್ಕಟೆ. ಅದರ ಮೇಲೆ ಊಟಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ರೋಗಿಯ ಖಾತೆಗೆ ಹಾಕುತ್ತಿದ್ದರು, 2024ರ ನವೆಂಬರಿನಿಂದ ಅದನ್ನು 1,000 ಮಾಡಿದರು. ಕಲ್ಲು ಕ್ವಾರಿಗೆ, ಕಟ್ಟಡ ಕೆಲಸಕ್ಕೆ ಹೋಗಿ ಕೆಮ್ಮಿಕೊಂಡು ಬಂದ ನಿಮ್ಮ ಕಾಕಾನಿಗೆ ಈ ರೊಕ್ಕ ಬಂದಿದೆಯೋ ಇಲ್ಲವೋ ಕೇಳಿದ್ದೀರಾ? ಹಾವು ಕಡಿದರೆ ವಿಷಕ್ಕೆ ಕೊಡುವ ಸೂಜಿ, ನಾಯಿ ಕಡಿದರೆ ಕೊಡುವ ಲಸಿಕೆ ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಎಷ್ಟು ಮಂದಿಗೆ ಕಡಿಯಿತು, ಎಷ್ಟು ಮಂದಿ ಸತ್ತರು ಅಂತ ದವಾಖಾನೆ ಲೆಕ್ಕ ಕೊಡಲೇಬೇಕು. ಕಬ್ಬಿನ ಗದ್ದೆಯಲ್ಲಿ ರಾತ್ರಿ ನೀರು ಹಾಯಿಸುವವರು ಯಾರು? ನಮ್ಮವರೇ. ಆದ್ದರಿಂದ ಆ ಲೆಕ್ಕ ನಮ್ಮ ಲೆಕ್ಕ.

ದೊಡ್ಡ ರೋಗಕ್ಕೆ 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ. ಆದರೆ ತುರ್ತು ಇಲ್ಲದ ದೊಡ್ಡ ಚಿಕಿತ್ಸೆಗೆ ಮೊದಲು ಸರ್ಕಾರಿ ದವಾಖಾನೆಯ ಶಿಫಾರಸು ಪತ್ರ ಬೇಕು. ಪತ್ರ ಇಲ್ಲದೆ ನೇರ ಖಾಸಗಿಗೆ ಹೋಗಿ, ಕಾರ್ಡು ತೋರಿಸಿ, "ಇದು ನಡಿಯಂಗಿಲ್ಲ" ಅನ್ನಿಸಿಕೊಂಡು ಹೊಲ ಒತ್ತೆ ಇಟ್ಟವರು ನಮ್ಮಲ್ಲಿ ಇದ್ದಾರೆ. ಅದು ಅವರ ತಪ್ಪಲ್ಲ. ಓದಿದ ನಾವು ಹೇಳದೆ ಹೋದದ್ದು ತಪ್ಪು.

"ಹಂಗಾದ್ರ ಔಷಧ ಯಾಕ ಇರಂಗಿಲ್ಲ? ಡಾಕ್ಟರು ಕಳ್ಳರೇನು?" ಅಂತ ನೀವು ಕೇಳಬಹುದು. ಎಲ್ಲಾ ಡಾಕ್ಟರರನ್ನೂ ಬೈದು ಚಪ್ಪಾಳೆ ಹೊಡೆಸಿಕೊಳ್ಳುವುದು ಸುಲಭ. ಆದರೆ ಚೀಟಿಯ ಬೇರು ಆಳಕ್ಕೆ ಹೋಗಿದೆ. ಅದನ್ನು ಅಗೆದು ನೋಡೋಣ.

ಮೊದಲು ಬೆಲೆಯ ಮಾತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಈ ದೇಶದ ಔಷಧ ಪೇಟೆ ವಿದೇಶಿ ಕಂಪನಿಗಳ ಕೈಯಲ್ಲಿತ್ತು. 1970ರ ಪೇಟೆಂಟ್ ಕಾಯ್ದೆ ಔಷಧದ ಮೇಲಿನ ಅವರ ಏಕಸ್ವಾಮ್ಯ ಮುರಿಯಿತು. ಬೇರೆ ವಿಧಾನದಿಂದ ಅದೇ ಔಷಧ ತಯಾರಿಸಲು ನಮ್ಮ ಕಾರ್ಖಾನೆಗಳಿಗೆ ದಾರಿ ಆಯಿತು, ಬೆಲೆ ಇಳಿಯಿತು. 1975ರಲ್ಲಿ ಜೈಸುಖಲಾಲ್ ಹಾಥಿ ಸಮಿತಿ ವರದಿ ಕೊಟ್ಟಿತು: ಜನಕ್ಕೆ ಅವಶ್ಯವಾದ ಔಷಧ 117, ಅವು ಎಲ್ಲೆಡೆ ಸಿಗಬೇಕು. ಕಂಪನಿಯ ಹೆಸರು ಬಿಟ್ಟು ಔಷಧದ ಮೂಲ ಹೆಸರಿನಲ್ಲಿ ಮಾರಬೇಕು. ಈ ಮಾತನ್ನು ಪೂರ್ತಿ ಯಾರೂ ನಡೆಸಲಿಲ್ಲ. 1979ರಲ್ಲಿ 347 ಮೂಲ ಔಷಧಗಳ ಬೆಲೆ ಸರ್ಕಾರದ ಹಿಡಿತದಲ್ಲಿತ್ತು. 1995ರ ಆದೇಶದ ಹೊತ್ತಿಗೆ ಅದು 74ಕ್ಕೆ ಬಂತು. 2005ರಲ್ಲಿ ಪೇಟೆಂಟ್ ಕಾಯ್ದೆಯನ್ನೂ ಕಂಪನಿಗಳ ಕಡೆಗೆ ಬಗ್ಗಿಸಿದರು. 2013ರಲ್ಲಿ ಅವಶ್ಯಕ ಔಷಧಗಳ ಪಟ್ಟಿಯನ್ನೆಲ್ಲ ಬೆಲೆ ನಿಯಂತ್ರಣಕ್ಕೆ ತಂದರು, ಒಳ್ಳೆಯದು. ಆದರೆ ತಯಾರಿಸಲು ಎಷ್ಟು ಖರ್ಚಾಯಿತು ಅಂತ ಕೇಳುವುದನ್ನು ಬಿಟ್ಟು, ಪೇಟೆಯಲ್ಲಿ ದೊಡ್ಡ ಕಂಪನಿಗಳು ಮಾರುವ ಬೆಲೆಯ ಸರಾಸರಿಯನ್ನೇ ಗರಿಷ್ಠ ಬೆಲೆ ಮಾಡಿದರು. ಕುರಿಯ ಬೆಲೆ ಕಟ್ಟಲು ತೋಳನನ್ನು ಕೇಳಿದ ಹಾಗೆ ಆಯಿತು.

ಎರಡನೆಯದು ದವಾಖಾನೆಯ ಮಾತು. 1946ರಲ್ಲಿ ಭೋರ್ ಸಮಿತಿ ಹೇಳಿದ್ದು ಒಂದೇ ಸಾರ: ರೊಕ್ಕ ಕೊಡಲಾಗದ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು. ಅದರ ಮೇಲೆ ಬಯಲು ಸೀಮೆಯಲ್ಲಿ 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನಕ್ಕೊಂದು ಉಪಕೇಂದ್ರ ಅಂತ ಲೆಕ್ಕ ಮಾಡಿದರು. 1990ರ ದಶಕದಲ್ಲಿ ವಿಶ್ವಬ್ಯಾಂಕಿನ ಸಾಲ ಬಂತು, ಅದರ ಬೆನ್ನಿಗೆ ದವಾಖಾನೆಯ ಕಿಟಕಿಯಲ್ಲಿ ಶುಲ್ಕದ ರಸೀದಿ ಪುಸ್ತಕ ಬಂತು. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರೊಳಗೆ ಸರ್ಕಾರದ ಆರೋಗ್ಯ ಖರ್ಚನ್ನು ದೇಶದ ಉತ್ಪನ್ನದ ನೂರಕ್ಕೆ ಎರಡೂವರೆಗೆ ಏರಿಸುತ್ತೇವೆ ಅಂತ ಮಾತು ಕೊಟ್ಟಿತು. ಆ ಮಾತು ಉಳಿಯಲಿಲ್ಲ. ಸರ್ಕಾರದ್ದೇ ಲೆಕ್ಕ: 2021-22ರಲ್ಲಿ ದೇಶದ ಆರೋಗ್ಯದ ಮೇಲೆ ಖರ್ಚಾದ ಪ್ರತಿ ನೂರು ರೂಪಾಯಿಯಲ್ಲಿ 39 ರೂಪಾಯಿ ಜನರ ಕಿಸೆಯಿಂದಲೇ ಹೋಯಿತು. ಆ 39 ರೂಪಾಯಿಯಲ್ಲಿ ನಮ್ಮವ್ವನ ಬೆಂಡೋಲಿಯಂಥವು ಎಷ್ಟಿವೆಯೋ.

ಮೂರನೆಯದು ಸರಬರಾಜು. ನಮ್ಮ ರಾಜ್ಯದಲ್ಲಿ ಔಷಧ ಖರೀದಿಸಿ ಕಳಿಸುವುದು ವೈದ್ಯಕೀಯ ಸರಬರಾಜು ನಿಗಮ. ಅಲ್ಲಿ ಟೆಂಡರ್ ತಡವಾದರೆ ಇಲ್ಲಿ ಕಪಾಟು ಖಾಲಿ. ತಮಿಳುನಾಡಿನವರು 1994ರಲ್ಲೇ ಇಂಥ ನಿಗಮ ಮಾಡಿ, ಒಟ್ಟಿಗೆ ಕೊಂಡು, ಪರೀಕ್ಷೆ ಮಾಡಿಸಿ, ಜಿಲ್ಲೆಯ ಗೋದಾಮಿನಿಂದ ದವಾಖಾನೆಗಳಿಗೆ ಪಾಸ್‌ಬುಕ್ಕಿನ ಲೆಕ್ಕದಲ್ಲಿ ಹಂಚಿ ತೋರಿಸಿದರು. ಆಗುವುದಿಲ್ಲ ಅನ್ನುವ ಮಾತು ಹಾಗಾಗಿ ಸುಳ್ಳು. ಪುಕ್ಕಟೆ ಆದರೆ ಸಾಲದು, ಔಷಧ ಒಳ್ಳೆಯದೂ ಇರಬೇಕು. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ದವಾಖಾನೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರು. ಒಟ್ಟು ಐದು ಮಂದಿ. ಅವರಿಗೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ಸಲಾಯಿನ್ ಮೇಲೆ ಸಂಶಯ ಬಂತು. ಸರ್ಕಾರ ಆ ಸರಕನ್ನು ತಡೆಹಿಡಿಯಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಆದರೆ ಅಮಾನತಾದವರು ಒಂದು ದಿನ ತಿರುಗಿ ಬರಬಹುದು, ಆ ಐದು ಕೂಸುಗಳ ತಾಯಂದಿರು ಬರುವುದಿಲ್ಲ. ಬಡವರ ಔಷಧಕ್ಕೆ ಬಡ ಪರೀಕ್ಷೆ ಸಾಕು ಅನ್ನುವ ಬುದ್ಧಿ ಇರುವ ತನಕ ಇದು ನಿಲ್ಲುವುದಿಲ್ಲ.

ಈಗ ನಮ್ಮ ಕೈಗೆ ಸಿಕ್ಕ ಒಂದು ಒಳ್ಳೆಯ ಕೋಲು ತೋರಿಸುತ್ತೇನೆ. 2025ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ, ಸರ್ಕಾರಿ ದವಾಖಾನೆಯ ಆವರಣದಲ್ಲಿದ್ದ ಜನೌಷಧಿ ಅಂಗಡಿಗಳನ್ನು ಮುಚ್ಚಬೇಕು ಅಂತ ಆದೇಶ ಮಾಡಿತು. ಆ ಅಂಗಡಿಗಳಲ್ಲಿ ಔಷಧ ಅಗ್ಗವಾಗಿ ಸಿಗುತ್ತಿತ್ತು. ಅಂಗಡಿಯವರು ಹೈಕೋರ್ಟಿಗೆ ಹೋದರು, ಪಕ್ಷಗಳು ಜಗಳಾಡಿದವು. ಆ ಜಗಳ ಅವರಿಗೆ ಇರಲಿ. ನಮಗೆ ಬೇಕಾದದ್ದು ಸರ್ಕಾರ ಆಗ ಕೊಟ್ಟ ಕಾರಣ. ಏನದು? ಸರ್ಕಾರಿ ದವಾಖಾನೆಯಲ್ಲಿ ಔಷಧ ಪುಕ್ಕಟೆ ಕೊಡುತ್ತೇವೆ, ಹೊರಗೆ ಬರೆದು ಕೊಡಬಾರದು, ಆದ್ದರಿಂದ ಅಂಗಳದಲ್ಲಿ ಅಂಗಡಿ ಯಾಕೆ ಬೇಕು? ಇದು ಸರ್ಕಾರದ ಬಾಯಿಂದಲೇ ಬಂದ ಮಾತು. ಅಂಗಡಿ ಮುಚ್ಚಿಸುವಾಗ ನೆನಪಾದ ಈ ಮಾತು, ನಮ್ಮ ಕೈಗೆ ಚೀಟಿ ಕೊಡುವಾಗಲೂ ನೆನಪಾಗಬೇಕು. ನೆನಪು ಮಾಡುವ ಕೆಲಸ ನಮ್ಮದು.

ಸರ್ಕಾರಿ ಬಾಗಿಲು ಮುಚ್ಚಿದರೆ ಬಡವರು ಎಲ್ಲಿಗೆ ಹೋಗುತ್ತಾರೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಪಕ್ಕದ ಕಲಬುರಗಿ ನೋಡಿರಿ. ಹೊಟ್ಟೆನೋವು, ಬಿಳಿಸೆರಗು ಅಂತ ಹೋದ ಲಂಬಾಣಿ, ದಲಿತ ಹೆಣ್ಣುಮಕ್ಕಳಿಗೆ ಖಾಸಗಿ ದವಾಖಾನೆಗಳಲ್ಲಿ ಕ್ಯಾನ್ಸರಿನ ಅಂಜಿಕೆ ಹಾಕಿ ಗರ್ಭಕೋಶವನ್ನೇ ತೆಗೆದರು. ಇನ್ನೂ ಮೂವತ್ತು, ನಲವತ್ತು ದಾಟದ ಹೆಂಗಸರು. 2015ರಲ್ಲಿ ವಿಚಾರಣೆ ಆಯಿತು, ಆಮೇಲೆ ಆ ಹೆಂಗಸರೇ ಬೀದಿಗೆ ಬಂದು ನ್ಯಾಯ ಕೇಳಿದರು. ಗುಳಿಗೆಯಿಂದ ವಾಸಿಯಾಗುವ ರೋಗಕ್ಕೆ ಚಾಕು ಯಾಕೆ ಹಾಕಿದರು? ಗುಳಿಗೆಯಲ್ಲಿ ಲಾಭ ಇಲ್ಲ, ಚಾಕುವಿನಲ್ಲಿ ಇದೆ.

ನಮ್ಮ ಜಿಲ್ಲೆಯದೂ ಅದೇ ಹಾಡು. ವಿಜಯಪುರದಲ್ಲಿ 1980ರ ದಶಕದಿಂದ ಎರಡು ಖಾಸಗಿ ಮೆಡಿಕಲ್ ಕಾಲೇಜು ಇವೆ. ಸರ್ಕಾರಿ ಕಾಲೇಜು ಬೇಕು ಅಂತ ಕೇಳಿದರೆ ಖಾಸಗಿಯವರ ಪಾಲುದಾರಿಕೆಯಲ್ಲಿ ಮಾಡುವ ಮಾತು ಬಂತು. 2025ರಲ್ಲಿ ಜನ ಅದರ ವಿರುದ್ಧ ಬೀದಿಯಲ್ಲಿ ಧರಣಿ ಕುಂತರು. ಸರ್ಕಾರದ ಭೂಮಿ, ಸರ್ಕಾರದ ದವಾಖಾನೆ, ಆದರೆ ಲಾಭ ಮಾತ್ರ ಇನ್ನೊಬ್ಬರದು ಯಾಕೆ ಅಂತ ಕೇಳಿದರು. ನಮಗೂ ಅದರಲ್ಲಿ ಪಾಲಿದೆ. ಚಡಚಣ ಇಂಡಿ ತಾಲ್ಲೂಕಿನಿಂದ ಬೇರೆಯಾಗಿ ತಾಲ್ಲೂಕು ಆಯಿತು. ಆದರೂ ಗಂಭೀರ ಜಡ್ಡು ಅಂದರೆ ವಿಜಯಪುರ, ಇಲ್ಲದಿದ್ದರೆ ಗಡಿ ದಾಟಿ ಸೋಲಾಪುರ. ಅರಿವೆ ಕೊಳ್ಳಲು ಆ ಕಡೆಯ ಮಂದಿ ಚಡಚಣಕ್ಕೆ ಬರುತ್ತಾರೆ, ಜೀವ ಉಳಿಸಿಕೊಳ್ಳಲು ನಾವು ಆ ಕಡೆಗೆ ಹೋಗುತ್ತೇವೆ.

ಇನ್ನು ನೀವು ಏನು ಮಾಡಬೇಕು? ಬರೀ ಕೇಳಿ ಚಪ್ಪಾಳೆ ಹೊಡೆದು ಹೋಗಲು ನಾನು ಬಂದಿಲ್ಲ.

ಒಂದು. ಚೀಟಿ ಓದಲು ಕಲಿಯಿರಿ. ಔಷಧವನ್ನು ಅದರ ಮೂಲ ಹೆಸರಿನಲ್ಲಿ, ಓದಲು ಬರುವ ದೊಡ್ಡ ಅಕ್ಷರದಲ್ಲಿ ಬರೆಯಬೇಕು ಅಂತ ವೈದ್ಯಕೀಯ ಮಂಡಳಿಯ ನಿಯಮ 2016ರಲ್ಲೇ ತಿದ್ದುಪಡಿ ಆಗಿದೆ. ಓದಲು ಬರದಿದ್ದರೆ "ಸಾಹೇಬ್ರ, ಇದನ್ನ ಬಿಡಿಸಿ ಬರೀರಿ" ಅನ್ನಿರಿ. ಹಾಗೆ ಅನ್ನುವುದು ಉದ್ಧಟತನ ಅಲ್ಲ.

ಎರಡು. ಓಣಿಯಲ್ಲಿ ಯಾರಿಗೆ ಜಡ್ಡಾದರೂ ಓದಿದವರೊಬ್ಬರು ಜೊತೆಗೆ ಹೋಗಿರಿ. ಒಂಟಿ ಮುದುಕಿಗೆ ಸಿಗುವ ಉತ್ತರ ಬೇರೆ, ಪಕ್ಕದಲ್ಲಿ ಪೆನ್ನು ಹಿಡಿದ ಹುಡುಗಿ ನಿಂತಾಗ ಸಿಗುವ ಉತ್ತರ ಬೇರೆ. ಇದನ್ನು ನಾನು ಹತ್ತು ಸಲ ಕಂಡಿದ್ದೇನೆ.

ಮೂರು. "ಔಷಧ ಇಲ್ಲ" ಅಂದರೆ, "ಇಲ್ಲ ಅಂತ ಈ ಚೀಟಿ ಮ್ಯಾಲೆ ಬರದು ಸಹಿ ಮಾಡ್ರಿ" ಅನ್ನಿರಿ. ಬಹಳ ಸಲ ಆ ಮಾತಿಗೆ ಒಳಗಿನಿಂದ ಔಷಧ ಬರುತ್ತದೆ. ಬರದಿದ್ದರೆ ಸಹಿ ಬರುತ್ತದೆ. ಎರಡೂ ನಮಗೆ ಬೇಕು. ಹೊರಗೆ ಕೊಂಡರೆ ಬಿಲ್ಲು ಕೇಳಿ ಇಟ್ಟುಕೊಳ್ಳಿರಿ. ಬಿಲ್ಲು ಇಲ್ಲದ ನೋವಿಗೆ ಕಚೇರಿಯಲ್ಲಿ ಕಿವಿ ಇಲ್ಲ.

ನಾಲ್ಕು. ಪ್ರತಿ ಹಾಸ್ಟೆಲ್ಲಿನಲ್ಲಿ ಒಂದು ನೋಟುಬುಕ್ಕು ಇಡಿರಿ. ಯಾವ ತಾರೀಖು, ಯಾವ ಊರು, ಯಾವ ಔಷಧ ಇಲ್ಲ ಅಂದರು, ಹೊರಗೆ ಎಷ್ಟು ಕೊಟ್ಟರು. ರೋಗಿಯ ಹೆಸರು ಬೇಡ, ಅದು ಅವರ ಮರ್ಯಾದೆ. ಆರು ತಿಂಗಳಿಗೆ ಆ ನೋಟುಬುಕ್ಕು ಯಾವ ಭಾಷಣಕ್ಕಿಂತಲೂ ಗಟ್ಟಿಯಾಗಿ ಮಾತಾಡುತ್ತದೆ. ಅದನ್ನು ಹಿಡಿದು 2005ರ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿರಿ: ಯಾವ ಔಷಧಕ್ಕೆ ಬೇಡಿಕೆ ಕಳಿಸಿದ್ದಿರಿ, ಯಾವಾಗ ಬಂತು, ಎಷ್ಟು ಬಂತು. ಹತ್ತು ರೂಪಾಯಿ ಶುಲ್ಕ, ಬಿಪಿಎಲ್‌ನವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನ. ಜೀವದ ಪ್ರಶ್ನೆ ಆದರೆ 48 ಗಂಟೆಯಲ್ಲಿ ಕೊಡಬೇಕು. ಊರಿನ ಆರೋಗ್ಯ ಸಮಿತಿ, ದವಾಖಾನೆಯ ಆರೋಗ್ಯ ರಕ್ಷಾ ಸಮಿತಿ ಅಂತ ಇವೆ. ಅದರಲ್ಲಿ ಯಾರಿದ್ದಾರೆ, ಸಭೆ ಯಾವಾಗ ಕೂಡಿತು ಅಂತಲೂ ಕೇಳಿರಿ.

ಐದು. ಕೈ ಎತ್ತಬೇಡಿರಿ. ಇದನ್ನು ಒತ್ತಿ ಹೇಳುತ್ತೇನೆ. ಕಪಾಟು ಖಾಲಿ ಇದ್ದದ್ದಕ್ಕೆ ನರ್ಸಮ್ಮ ಕಾರಣ ಅಲ್ಲ. ಆಶಾ ಅಕ್ಕ ನಮ್ಮಂಥವರ ಮನೆಯ ಹೆಣ್ಣುಮಗಳು, ಅವಳೂ ಗೌರವಧನಕ್ಕೆ ಬೀದಿಯಲ್ಲಿ ಕುಂತವಳು. ದವಾಖಾನೆಯಲ್ಲಿ ಹಲ್ಲೆ ಮಾಡಿದರೆ 2009ರ ರಾಜ್ಯ ಕಾಯ್ದೆಯ ಕೇಸು ಬೀಳುತ್ತದೆ. ಚೀಟಿ ಬರೆಸಿದವರು ಮೇಲೆ ಆರಾಮವಾಗಿ ಇರುತ್ತಾರೆ, ನಿಮ್ಮ ಡಿಗ್ರಿ ಠಾಣೆಯಲ್ಲಿ ಕೊಳೆಯುತ್ತದೆ. ನಮ್ಮ ಕೈಯಲ್ಲಿ ಪೆನ್ನು ಇರಲಿ.

ಕೊನೆಗೆ ನಿಮ್ಮದೇ ಮೈಯ ಮಾತು. ಹದಿನೆಂಟು ವರ್ಷದೊಳಗಿನವರಿಗೆ 2013ರಿಂದ ಸರ್ಕಾರದ ಆರೋಗ್ಯ ತಪಾಸಣೆ ಕಾರ್ಯಕ್ರಮ ಇದೆ. ಹಾಸ್ಟೆಲ್ಲಿಗೆ ಡಾಕ್ಟರರ ತಂಡ ಕಡೆಯ ಸಲ ಯಾವಾಗ ಬಂತು ಅಂತ ವಾರ್ಡನ್ನರ ರಜಿಸ್ಟರ್ ತೆಗೆಸಿ ನೋಡಿರಿ. ತಂಗಿಯರೇ, ರಕ್ತ ಕಡಿಮೆ ಆಗಿ ತಲೆ ತಿರುಗುವುದನ್ನು "ಉಪಾಸ ಮಾಡಿದ್ದಕ್ಕ ಹಂಗ ಆಗೇತಿ" ಅಂತ ಮುಚ್ಚಿಡಬೇಡಿರಿ. ನಾಳೆ ನಮ್ಮ ಅಕ್ಕನ ಹಾಗೆ ನಿಮಗೆ ಎರಡು ಬಾಟ್ಲಿ ರಕ್ತ ಬೇಕಾಗುವುದು ಇಂದಿನ ಈ ತಲೆಸುತ್ತಿನಿಂದಲೇ ಸುರುವಾಗುತ್ತದೆ.

ನಮ್ಮ ಅಕ್ಕನ ಮಗಳು ಈಗ ಶಾಲೆಗೆ ಹೋಗುತ್ತಾಳೆ. ಚೂಟಿ ಇದ್ದಾಳೆ. ಹೋದ ಸಲ ಊರಿಗೆ ಹೋದಾಗ ಆ ಹಳೆಯ ಚೀಟಿಯಲ್ಲಿ ಒಂದನ್ನು, ಮಡಿಕೆ ಬಿದ್ದು ಹಳದಿ ಆದದ್ದನ್ನು, ಟ್ರಂಕಿನಿಂದ ತೆಗೆದು ತೋರಿಸಿದೆ. "ಮಾವಾ, ಇದರಾಗ ಏನ ಬರದಾರ?" ಅಂತ ಕೇಳಿದಳು. "ನಿನ್ನ ಬೆಲಿ ಬರದಾರ, ಕೂಸ" ಅಂದೆ. ಅವಳಿಗೆ ತಿಳಿಯಲಿಲ್ಲ, ನಕ್ಕಳು. ಅವಳಿಗೆ ತಿಳಿಯುವ ಹೊತ್ತಿಗೆ ಅಂಥ ಚೀಟಿ ಬರೆಯುವ ಕೈ ಎರಡು ಸಲ ಯೋಚನೆ ಮಾಡುವ ಹಾಗೆ ಆಗಬೇಕು. ಆ ಕೆಲಸಕ್ಕೆ ಇಂದು ರಾತ್ರಿಯೇ ನಿಮ್ಮ ಹಾಸ್ಟೆಲ್ಲಿನಲ್ಲಿ ಒಂದು ನೋಟುಬುಕ್ಕು ತೆರೆಯಿರಿ. ಮೊದಲ ಸಾಲಿನಲ್ಲಿ ತಾರೀಖು ಹಾಕಿರಿ.

ಜೈಭೀಮ್.